ಏಳು ಹದಿಮೂರರ ಆಕಾಶ

ಗೌರಕ್ಕ, ನಿಮ್ಮ ನಡುಮನೆಯ ಗೋಡೆಯ ಮೇಲೆ ಆರು ವರ್ಷದಿಂದ ಇರುವ ಚಿತ್ರ ನಿಮ್ಮ ಚೈತ್ರಾಳದ್ದಲ್ಲ. ಅವಳದು ಎಂದು ಹೇಳಿ ಅದನ್ನು ನಿಮ್ಮ ಕೈಗಿಟ್ಟದ್ದು ಒಂದು ಸುಳ್ಳು. ಮೂರು ವರ್ಷ ಕಳೆದು ನೀವಾಗಿ ಫೋನು ಮಾಡಿ ಕೇಳಿದಾಗ, ಹೌದು ಅವಳದೇ ಎಂದದ್ದು ಇನ್ನೊಂದು ಸುಳ್ಳು. ಮೊದಲನೆಯದನ್ನು ಸೋಮಾರಿತನದಲ್ಲಿ ಹೇಳಿದೆ. ಎರಡನೆಯದನ್ನು ಪೂರ್ತಿ ಎಚ್ಚರದಲ್ಲಿ, ಗಣಿತವನ್ನು ಅಡ್ಡ ಹಿಡಿದು ಹೇಳಿದೆ.

ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಹರಿದ ಹಾಳೆಗಳೆಲ್ಲ ‘ದಯವಿಟ್ಟು ಕ್ಷಮಿಸಿ’ ಎಂದೇ ಶುರುವಾಗುತ್ತಿದ್ದವು. ಓದಿ ನೋಡಿದರೆ ಮೈಯೆಲ್ಲ ಉರಿಯಿತು. ಮಾಡುವುದನ್ನೆಲ್ಲ ಮಾಡಿ, ಕೊನೆಗೆ ಕ್ಷಮಿಸುವ ಕೆಲಸವನ್ನೂ ನಿಮ್ಮ ತಲೆಗೇ ಕಟ್ಟುವ ಬುದ್ಧಿ ನನ್ನದು! ಅದಕ್ಕೆ ಈ ಹಾಳೆಯಲ್ಲಿ ಆ ಮಾತು ಬರೆಯುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಾನು ಮಾಡುವ ಕೆಲಸ ನಿಮಗೆ ಗೊತ್ತು, ಅದರ ಒಳಗುಟ್ಟು ಗೊತ್ತಿಲ್ಲ. ಅದು ತಿಳಿಯದೆ ನನ್ನ ತಪ್ಪಿನ ಅಳತೆ ಸಿಗುವುದಿಲ್ಲ. ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಕಾಲದಿಂದ ನನಗೆ ಎರಡು ಹುಚ್ಚು. ಸಂಜೆ ತುಮಕೂರಿನ ಶೆಟ್ಟಿಹಳ್ಳಿಯ ಮನೆಯ ತಾರಸಿ ಹತ್ತಿ ನಕ್ಷತ್ರ ನೋಡುವುದು. ಕೆಳಗಿಳಿದು ಬಂದು ಕಂಪ್ಯೂಟರಿನಲ್ಲಿ ಫ್ರ್ಯಾಕ್ಟಲ್ ಚಿತ್ರ ಮಾಡುವುದು. ಹೂಕೋಸಿನ ಒಂದು ತುಂಡು ಮುರಿದರೆ ಅದೂ ಪುಟ್ಟ ಹೂಕೋಸಿನ ಹಾಗೇ ಇರುತ್ತದಲ್ಲ, ಅದರ ತುಂಡು ಮುರಿದರೆ ಅದೂ ಹಾಗೇ — ಅಂಥ ಚಿತ್ರಗಳು. ಒಂದು ಚಿಕ್ಕ ಸೂತ್ರ ಇರುತ್ತದೆ. ಅದಕ್ಕೆ ಎರಡು ಸಂಖ್ಯೆ ಕೊಟ್ಟರೆ ಕಂಪ್ಯೂಟರು ಅದೇ ಲೆಕ್ಕವನ್ನು ಮತ್ತೆ ಮತ್ತೆ ತಿರುಗಿಸಿ ಪರದೆಯ ಮೇಲೆ ಸುರುಳಿ, ಬಳ್ಳಿ, ಗರಿ ಬಿಡಿಸುತ್ತದೆ. ಸಂಖ್ಯೆ ಬದಲಾದರೆ ಚಿತ್ರ ಬದಲಾಗುತ್ತದೆ.

ಆ ಎರಡು ಸಂಖ್ಯೆಗಳನ್ನು ನಾನು ಆಕಾಶದಿಂದ ತೆಗೆಯುತ್ತಿದ್ದೆ. ಮಗು ಹುಟ್ಟಿದ ನಿಮಿಷದಲ್ಲಿ, ಹುಟ್ಟಿದ ಊರಿನಲ್ಲಿ, ಪೂರ್ವದಲ್ಲಿ ಆಗತಾನೆ ಎದ್ದ ದೊಡ್ಡ ನಕ್ಷತ್ರ ಯಾವುದು? ಅದು ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಎಷ್ಟು ಪಕ್ಕಕ್ಕೆ ಸರಿದಿತ್ತು? ಎತ್ತರದಿಂದ ಒಂದು ಸಂಖ್ಯೆ, ದಿಕ್ಕಿನಿಂದ ಇನ್ನೊಂದು. ಅಷ್ಟೇ. ಜಾತಕವಲ್ಲ, ಫಲಜ್ಯೋತಿಷ್ಯವಲ್ಲ. ಜನ ಮಾತ್ರ ಜಾತಕ ಎಂದುಕೊಂಡೇ ಬರುತ್ತಿದ್ದರು. ನಾಮಕರಣಕ್ಕೆ ಬೇಕು, ಗೃಹಪ್ರವೇಶಕ್ಕೆ ಬೇಕು. ‘ಮೇಡಂ, ಸೋಫಾ ಮರೂನ್ ಕಲರ್ರು, ಅದಕ್ಕೆ ಮ್ಯಾಚ್ ಆಗೋ ಥರ ನಕ್ಷತ್ರ ಹಾಕ್ಕೊಡಿ’ ಎಂದ ಪುಣ್ಯಾತ್ಮರೂ ಇದ್ದರು. ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ನಾನು ಮಾತ್ರ ಸತ್ಯಸಂಧೆ ಎಂದು ನಂಬಿಕೊಂಡಿದ್ದೆ ನೋಡಿ.

ಆ ಸತ್ಯಕ್ಕೆ ಒಂದು ಗುರುತೂ ಇತ್ತು. ಪ್ರತಿ ಚಿತ್ರದ ಚೌಕಟ್ಟಿನ ಹಿಂದೆ ಒಂದು ಚೀಟಿ ಅಂಟಿಸುತ್ತಿದ್ದೆ: ಮಗುವಿನ ಹೆಸರು, ಹುಟ್ಟಿದ ದಿನ, ನಿಮಿಷ, ಎರಡು ಸಂಖ್ಯೆ. ಫ್ರ್ಯಾಕ್ಟಲ್ ಮಾಡುವ ಯಾರು ಬೇಕಾದರೂ ಆ ಸಂಖ್ಯೆಗಳನ್ನು ಸೂತ್ರಕ್ಕೆ ಕೊಟ್ಟು ಅದೇ ಆಕಾರ ಬರುತ್ತದೋ ಇಲ್ಲವೋ ಪರೀಕ್ಷಿಸಬಹುದು. ಯಾರೂ ಪರೀಕ್ಷಿಸಲಿಲ್ಲ. ಯಾರೂ ಪರೀಕ್ಷಿಸುವುದಿಲ್ಲ ಎಂದು ನನಗೂ ಗೊತ್ತಿತ್ತು.

ನೀವು ಬಂದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಕುಣಿಗಲ್ಲಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಿರಿ. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಒಳಗೆ ಕರೆದರೂ ಕುರ್ಚಿಯ ತುದಿಯಲ್ಲಿ ಕೂತಿರಿ. ಚೈತ್ರಾ ಡೆಂಗೆ ಬಂದು ಏಳೇ ದಿನಕ್ಕೆ ಹೋದಳೆಂದು, ಇಪ್ಪತ್ತೆರಡು ವರ್ಷವಾಗಿತ್ತೆಂದು, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಿರಿ.

“ನಮ್ ಹುಡ್ಗಿ ನಿಮ್ ಚಿತ್ರ ಫೋನಲ್ಲಿ ನೋಡಿದ್ಲು ಮೇಡಂ. ಅಮ್ಮಾ, ನಂದೂ ಒಂದು ಮಾಡಿಸ್ಬೇಕು ಕಣಮ್ಮ ಅಂತಿದ್ಲು. ಮಾಡಿಸನ ಬಿಡೇ ಅಂತ ಮುಂದ್ ಹಾಕ್ದೆ. ಏನವಸ್ರ ಅಂತ.”

ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದಿರಿ. ಹೆರಿಗೆ ವಾರ್ಡಿನ ರಿಜಿಸ್ಟರಿನಿಂದ ನಕಲು ಮಾಡಿಕೊಂಡು ಬಂದಿದ್ದ ಒಂದು ಸಾಲು. ಸಂಜೆ ಏಳು ಗಂಟೆ ಹದಿಮೂರು ನಿಮಿಷ. ನೀವೇ ನರ್ಸಾಗಿದ್ದ ವಾರ್ಡಿನಲ್ಲಿ ನಿಮಗೇ ಹೆರಿಗೆಯಾಗಿತ್ತು. ಬರೆದದ್ದು ನಿಮ್ಮ ಜೊತೆಯ ಸಿಸ್ಟರ್.

“ಟೈಮು ಕರೆಕ್ಟಾಗೈತೆ. ಕಣ್ಮುಚ್ಕೊಂಡ್ ನಂಬ್ಬೌದು,” ಎಂದಿರಿ. “ಸಿಸ್ಟ್ರೇ, ನಕ್ಷತ್ರ ಸರಿ ಇಲ್ವಂತೆ, ಹತ್ತು ನಿಮ್ಷ ಹಿಂದಕ್ಕೆ ಬರ್ಕೊಳಿ ಅಂತ ಎಷ್ಟ್ ಜನ ಕೈಕಾಲು ಹಿಡ್ದವ್ರೆ ಗೊತ್ತಾ? ಒಂದ್ ನಿಮ್ಷನೂ ಆಚೀಚೆ ಬರೀಲಿಲ್ಲ ನಾನು. ಕೂಸು ಬಂದಿದ್ದು ಆ ನಿಮ್ಷಕ್ಕೆ. ಅದನ್ನ ಸುಳ್ಳು ಮಾಡಾಕೆ ನಾವ್ಯಾರು?”

ಈ ಮಾತನ್ನು ನನ್ನೆದುರು ಕೂತು ಆಡಿದಿರಿ. ನಾನು ತಲೆಯಾಡಿಸಿದೆ. ಮೆಚ್ಚಿಕೊಂಡೆ ಕೂಡ. ಮುಂದಿನ ವಾರ ಅವಳ ಹುಟ್ಟಿದ ದಿನ ಬರುತ್ತದೆ, ಅಷ್ಟರೊಳಗೆ ಆದರೆ ಒಳ್ಳೆಯದು ಎಂದಿರಿ. ಆಗುತ್ತದೆ ಎಂದೆ.

ಮಾರನೆಯ ದಿನವೇ ಕೂತೆ. ಚೈತ್ರಮಾಸ, ಕುಣಿಗಲ್, ಸಂಜೆ ಏಳು ಹದಿಮೂರು. ಪೂರ್ವದಲ್ಲಿ ಚಿತ್ತಾ ನಕ್ಷತ್ರ ಆಗತಾನೆ ಎದ್ದಿದೆ. ಎತ್ತರ, ದಿಕ್ಕು, ಎರಡು ಸಂಖ್ಯೆ. ಸೂತ್ರಕ್ಕೆ ಕೊಟ್ಟೆ. ಬಂದದ್ದು — ಏನೂ ಅಲ್ಲ. ಒಂದು ಬೂದು ಪರದೆ, ಅದರಲ್ಲಿ ಅಲ್ಲಲ್ಲಿ ಚುಕ್ಕಿ.

ಇದು ಯಂತ್ರದ ದೋಷವಲ್ಲ, ಗಣಿತವೇ ಹಾಗೆ. ಕೆಲವು ಸಂಖ್ಯೆಗಳಿಗೆ ಆಕಾರ ಒಂದಾಗಿ ಕೂಡಿಕೊಂಡಿರುತ್ತದೆ. ಕೆಲವಕ್ಕೆ ನಿಲ್ಲುವುದಿಲ್ಲ, ಒಡೆದು ಚೂರಾಗುತ್ತದೆ. ಗಣಿತದವರು ಅದನ್ನು ಧೂಳು ಎಂದೇ ಕರೆಯುತ್ತಾರೆ. ಅಂಥದ್ದು ಬಂದಾಗ ಬೇಕಾದ್ದು ತಾಳ್ಮೆ. ಧೂಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಬೇಕು, ಬಣ್ಣವನ್ನು ಒಂದೊಂದು ಎಳೆಯಾಗಿ ಹಚ್ಚಬೇಕು, ಮತ್ತೆ ಲೆಕ್ಕಕ್ಕೆ ಬಿಡಬೇಕು. ನಾಲ್ಕೈದು ದಿನದ ಕೆಲಸ. ನನಗೆ ಬೇಜಾರಾಯಿತು. ಹೌದು, ಬೇಜಾರು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

‘ಮಗಳನ್ನು ಕಳೆದುಕೊಂಡ ತಾಯಿಗೆ ನಿಮ್ಮ ಮಗಳ ಚಿತ್ರ ಧೂಳು ಎಂದು ಹೇಗೆ ಹೇಳಲಿ’ ಎಂದು ನನಗೆ ನಾನೇ ಹೇಳಿಕೊಂಡೆ. ಈ ಮಾತನ್ನು ಆರು ವರ್ಷ ಹಾಲು ಹಾಕಿ ಸಾಕಿದ್ದೇನೆ. ಇವತ್ತು ಬರೆದು ಕಣ್ಣಿನಿಂದ ಓದಿದರೆ ಅಸಹ್ಯವಾಗುತ್ತದೆ. ಸೋಮಾರಿತನಕ್ಕೆ ಕರುಣೆ ಎಂಬ ಹೆಸರಿಟ್ಟು ತೊಟ್ಟಿಲಲ್ಲಿ ತೂಗಿದವಳು ನಾನು. ನೀವು ಹೆರಿಗೆ ವಾರ್ಡಿನಲ್ಲಿ ರಕ್ತ, ಸಾವು ಎಲ್ಲ ಕಂಡವರು. ಧೂಳು ಎಂಬ ಮಾತಿಗೆ ಹೆದರುವ ಹೆಂಗಸೇ ನೀವು? ಹೆದರಿದವಳು ನಾನು — ನನ್ನ ಕೈಯಿಂದ ಚೆಂದವಲ್ಲದ ಚಿತ್ರ ಹೊರಗೆ ಹೋದೀತೆಂದು.

ಆಗ ನನ್ನ ಮನೆಯ ಮೂಲೆಯಲ್ಲಿ ಚೌಕಟ್ಟು ಹಾಕಿದ ಇನ್ನೊಂದು ಚಿತ್ರ ಒರಗಿ ಕೂತಿತ್ತು. ಗುಬ್ಬಿಯ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕೂಸು ಮಾನ್ಯಳಿಗೆಂದು ಮಾಡಿಸಿದ್ದು. ಹಸಿರು ಸುರುಳಿಗಳು, ನಡುವೆ ಚಿನ್ನದ ಬಣ್ಣದ ಕಣ್ಣು. ನಾನು ಮಾಡಿದ್ದರಲ್ಲೇ ಚೆಂದದ್ದು. ಹೊಸ ಮನೆಯ ಗೋಡೆಗೆ ಹಸಿರು ಹೊಂದುವುದಿಲ್ಲವೆಂದು ವಾಪಸು ಕಳಿಸಿದ್ದರು. ಅದನ್ನೇ ಆಟೋದಲ್ಲಿ ಹಾಕಿಕೊಂಡು ಮರಳೂರಿಗೆ, ಫ್ರೇಮು ಹಾಕುವ ರಂಗಸ್ವಾಮಿಯ ಅಂಗಡಿಗೆ ಹೋದೆ. ಕಟ್ಟು ಬದಲಾಯಿಸಿ ಎಂದೆ.

ರಂಗಸ್ವಾಮಿ ತಿರುಗಿಸಿ ನೋಡಿದ. “ಹಿಂದ್ಗಡೆ ಯಾವ್ದೋ ಮಗೀನ್ ಹೆಸ್ರಿನ ಚೀಟಿ ಐತಲ್ಲ ಮೇಡಂ. ಏನ್ ಮಾಡ್ಲಿ?”

“ಕಿತ್ತಾಕಿ,” ಎಂದೆ.

ಒಂದು ಕ್ಷಣವೂ ತಡೆಯಲಿಲ್ಲ ಗೌರಕ್ಕ. ಬಸ್ಸಿಗೆ ಚಿಲ್ಲರೆ ಕೊಟ್ಟಷ್ಟು ಸಲೀಸಾಗಿ ಬಾಯಿಂದ ಬಂತು. ಹೊಸ ಚೀಟಿಯಲ್ಲಿ ಚೈತ್ರಾ ಎಂದು, ಏಳು ಗಂಟೆ ಹದಿಮೂರು ನಿಮಿಷ ಎಂದು, ಅವಳ ನಿಜವಾದ ಎರಡು ಸಂಖ್ಯೆಗಳನ್ನು ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ. ಚೀಟಿ ನಿಜ, ಚಿತ್ರ ಸುಳ್ಳು. ನೀವು ಜೀವಮಾನವಿಡೀ ಯಾರು ಕಾಲು ಹಿಡಿದರೂ ಬಗ್ಗದೆ, ಬರೆಯದೇ ಇದ್ದ ಸುಳ್ಳನ್ನು ನಾನು ಯಾರೂ ಕೇಳದೆಯೇ ಬರೆದೆ.

ಕುಣಿಗಲ್ಲಿಗೆ ನಾನೇ ತಂದುಕೊಟ್ಟೆ, ದೊಡ್ಡಸ್ತಿಕೆಗೆ. ನೀವು ಗಾಜಿನ ಮೇಲೆ ಕೈಯಾಡಿಸಿದಿರಿ. ಚಿನ್ನದ ಕಣ್ಣಿನ ಹತ್ತಿರ ಬೆರಳು ನಿಲ್ಲಿಸಿ, “ಇವ್ಳೇ ಕಣ್ರೀ. ಹಿಂಗೇ ದಿಟ್ಟಿಸಿ ನೋಡೋಳು,” ಎಂದಿರಿ. ಆಮೇಲೆ ಗಾಜಿಗೆ ಮೂರು ಬೆರಳ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ದೀಪ ಹಚ್ಚಿದಿರಿ. ನಾನು ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ. ಆ ನನ್ನ ಮುಗಿದ ಕೈಗಳನ್ನು ನೆನೆದರೆ ಇವತ್ತೂ ನಾಚಿಕೆಗಿಂತ ಮೊದಲು ಸಿಟ್ಟು ಬರುತ್ತದೆ. ಕಪಾಳಕ್ಕೆ ಬಿಗಿಯಬೇಕಾಗಿದ್ದವು ಅವು, ನನ್ನದೇ ಕಪಾಳಕ್ಕೆ.

ಆ ವರ್ಷವೇ ಗುಬ್ಬಿಯ ಡಾಕ್ಟರು ಫೋನು ಮಾಡಿದರು. ಕ್ಲಿನಿಕ್ಕಿಗೆ ಹಸಿರು ಬಣ್ಣ ಹೊಡೆಸಿದ್ದೇವೆ, ನಮ್ಮ ಮಾನ್ಯಳ ಆ ಚಿತ್ರ ಈಗ ಬೇಕು ಎಂದರು. ಫೈಲು ಇತ್ತು, ಇನ್ನೊಂದು ಪ್ರತಿ ತೆಗೆಸಿ ಕಳಿಸಿದೆ. ಅವರ ಮಗಳ ಚಿತ್ರ ಅವರಿಗೆ ಹೋಯಿತು; ಅದರಲ್ಲಿ ತಪ್ಪೇನಿದೆ? ಅದೇ ಆಕಾರ ಕುಣಿಗಲ್ಲಿನಲ್ಲಿ ಹಾರ ಹಾಕಿಸಿಕೊಂಡು ಕೂತಿದೆ ಎಂಬುದು ತಲೆಗೆ ಬರಲಿಲ್ಲ ಎಂದರೆ ನಂಬುತ್ತೀರಾ? ಬಂದಿತ್ತು. ಗುಬ್ಬಿ ಎಲ್ಲಿ, ಕುಣಿಗಲ್ ಎಲ್ಲಿ ಎಂದುಕೊಂಡೆ.

ನಿಮ್ಮ ತಮ್ಮನ ಮನೆ ಗುಬ್ಬಿಯ ಹತ್ತಿರದ ಬಿದರೆಹಳ್ಳಿ ಕಾವಲ್‌ನಲ್ಲಿದೆ ಎಂದು ನನಗೇನು ಗೊತ್ತು? ಮೂರು ವರ್ಷದ ಮೇಲೆ ಅಲ್ಲಿಗೆ ಹೋಗಿದ್ದಾಗ ನಾದಿನಿಗೆ ಹಲ್ಲುನೋವು ಬಂದು, ನೀವು ಅವರನ್ನು ಕರೆದುಕೊಂಡು ಗುಬ್ಬಿಯ ಅದೇ ಕ್ಲಿನಿಕ್ಕಿಗೆ ಹೋದಿರಿ. ಅಲ್ಲಿಂದಲೇ ಫೋನು. ನಾನು ಅಡಿಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ.

“ಮೇಡಂ, ಇಲ್ಲಿ ಹಲ್ಲಿನ್ ಡಾಕ್ಟ್ರು ಗೋಡೆ ಮೇಲೆ ನಮ್ ಚೈತ್ರಾ ಅವ್ಳೆ,” ಎಂದಿರಿ. “ಯಾರ್ದು ಅಂತ ಕೇಳಿದ್ರೆ, ಅವ್ರ ಮಗಳ್ದಂತೆ. ಕೂಸು ಇಲ್ಲೇ ಕುರ್ಚಿ ಹತ್ಕೊಂಡು ಆಡ್ತಾ ಅದೆ ಮೇಡಂ, ನಾಕ್ ವರ್ಷದ್ದು. ನಾನು ಮೂರೊರ್ಷದಿಂದ ಹಾರ ಹಾಕಿ ದೀಪ ಹಚ್ತಿದೀನಲ್ಲ... ಬದುಕಿರೋ ಮಗೀಗೆ ಹಾರ ಹಾಕ್ಬುಟ್ನಾ? ನೀವೇ ಹೇಳಿ. ಅದೇನಾ ಇದು?”

ಬದುಕಿದ್ದವರ ಪಟಕ್ಕೆ ಯಾರಾದರೂ ಮರೆತು ಹಾರ ಹಾಕಿದರೆ ನಮ್ಮಲ್ಲಿ ಎದೆ ಧಸಕ್ಕೆನ್ನುತ್ತದೆ. ಬಿಡ್ತು ಅನ್ನು ಎನ್ನುತ್ತಾರೆ, ಕಿತ್ತು ಬಿಸಾಕುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ. ನೀವು ನಂಬುತ್ತೀರಿ. ನಿಮಗೆ ಮೋಸವಾಯಿತೇ ಎಂದು ನೀವು ಕೇಳಲಿಲ್ಲ. ಯಾರದೋ ಮಗುವಿಗೆ ನಿಮ್ಮ ಕೈಯಿಂದ ಕೇಡಾಯಿತೇ ಎಂದು ಕೇಳಿದಿರಿ. ಒಂದೇ ಒಂದು ನಿಜ ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ನನಗೆ ಸಿಗುತ್ತಿರಲಿಲ್ಲ.

ನಾನು ಏನು ಮಾಡಿದೆ? ಕ್ಲಾಸು ತೆಗೆದುಕೊಂಡೆ. “ಅಯ್ಯೋ ಗೌರಕ್ಕ, ಅದೇ ಅಲ್ಲ, ಅದರ ಹಾಗೆ ಕಾಣತ್ತೆ ಅಷ್ಟೆ. ಈ ಚಿತ್ರಗಳೆಲ್ಲ ಒಂದರ ಹಾಗೆ ಒಂದಿರ್ತಾವೆ. ಹೂಕೋಸಿನ ತುಂಡೆಲ್ಲ ಒಂದೇ ಥರ ಇರಲ್ವಾ? ಇದೂ ಹಂಗೇ. ಅದೇ ಇದರ ಗಣಿತ,” ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಅರ್ಥವಾಗಲೆಂದು ಕೊಟ್ಟ ಉದಾಹರಣೆಯನ್ನು ನಿಮಗೆ ಅರ್ಥವಾಗದಿರಲೆಂದು ಕೊಟ್ಟೆ.

“ಹಂಗಾದ್ರೆ ಸರಿ ಬಿಡಿ ಮೇಡಂ. ಓದಿರೋರು, ನಿಮಗ್ ಗೊತ್ತಿರತ್ತೆ,” ಎಂದು ಫೋನಿಟ್ಟಿರಿ. ನಾನು ಹುರುಳಿಕಾಯಿ ಸೋಸಿ ಮುಗಿಸಿದೆ. ಅವತ್ತು ಪಲ್ಯವೂ ಮಾಡಿದೆ, ಊಟವೂ ಮಾಡಿದೆ. ನಿದ್ದೆಯೂ ಬಂತು. ಇದನ್ನೂ ಬರೆಯಬೇಕು ಎಂದು ಬರೆಯುತ್ತಿದ್ದೇನೆ. ಪಾಪ ಮಾಡಿದವರಿಗೆ ನಿದ್ದೆ ಬರುವುದಿಲ್ಲ ಎನ್ನುವುದೆಲ್ಲ ಕಟ್ಟುಕತೆ.

ಹಾಗೇ ಇನ್ನೂ ಮೂರು ವರ್ಷ ಹೋಯಿತು. ಪ್ರತಿ ವರ್ಷ ಅವಳು ಹುಟ್ಟಿದ ದಿನ ನೀವು ಯಾರ ಕೈಯಲ್ಲಾದರೂ ಕಾಯಿ ಒಬ್ಬಟ್ಟು ಕಳಿಸುತ್ತಿದ್ದಿರಿ. ಈ ಸಲ, ಹೋದ ತಿಂಗಳು, ಪೆನ್ಷನ್ ಕೆಲಸಕ್ಕೆ ತುಮಕೂರಿಗೆ ಬಂದವರು ನೀವೇ ತಂದಿರಿ. ನಾನು ಒಂದು ತುಂಡು ಬಾಯಿಗಿಟ್ಟುಕೊಂಡು, ಚಿತ್ರಕ್ಕೆ ಹಾಕಿರುವ ಹಾರದ ಹೂವಿನ ಕಲೆ ಗಾಜಿಗೆ ಹತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಏನೋ ಮಾತಿಗೆ ಹೇಳಿದೆ.

“ಹಾರ ಹಾಕಲ್ಲ ಮೇಡಂ ಈಗ,” ಎಂದಿರಿ. “ಗುಬ್ಬಿಯಿಂದ ಬಂದ್ ದಿನಾನೇ ತೆಗ್ದಾಕ್ಬುಟ್ಟೆ. ನೀವ್ ಹೇಳಿದ್ರಿ, ನಂಬಲಿಲ್ಲ ಅಂತಲ್ಲ. ಆದ್ರೂ ಒಂದ್ ವೇಳೆ ಆ ಮಗೀದೇ ಆಗಿದ್ರೆ? ನನ್ ಮಗಳು ಹೋದ್ಲು, ಹೋದ್ಲು. ಆ ಕೂಸು ಯಾಕ್ ಅನುಭೋಗಿಸ್ಬೇಕು? ದೀಪ ಮಾತ್ರ ಹಚ್ತೀನಿ. ಹಚ್ಚುವಾಗ, ಆ ಕೂಸೂ ನೂರ್ ವರ್ಷ ಬಾಳ್ಲಪ್ಪಾ ಶಿವನೇ ಅಂತೀನಿ. ಇಬ್ರಿಗೂ ಸೇರ್ಸಿ ಹೇಳ್ಬುಡ್ತೀನಿ.”

ನಕ್ಕಿರಿ ಸಹ. ನನ್ನ ಬಾಯಲ್ಲಿ ಒಬ್ಬಟ್ಟು ಕಲ್ಲಾಯಿತು. ಮಗಳ ಪಟಕ್ಕೆ ಹಾರ ಹಾಕುವ ಹಕ್ಕನ್ನೂ ಬಿಟ್ಟುಕೊಟ್ಟಿದ್ದಿರಿ ನೀವು, ಹೆಸರೂ ಸರಿಯಾಗಿ ಗೊತ್ತಿಲ್ಲದ ಒಂದು ಮಗುವಿಗಾಗಿ, ನನ್ನ ಮಾತು ಒಂದು ವೇಳೆ ಸುಳ್ಳಾಗಿದ್ದರೆ ಎಂದು. ಆಗಲೂ — ಆಗಲೂ ನಾನು ಬಾಯಿ ಬಿಡಲಿಲ್ಲ. ನುಂಗಿಕೊಂಡೆ. ಬಸ್ ಸ್ಟ್ಯಾಂಡಿನವರೆಗೆ ಬಂದು ಕೈಬೀಸಿ ಕಳಿಸಿದೆ.

ಅವತ್ತಿನಿಂದ ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮನೆಗೆ ಬಂದು ಕಂಪ್ಯೂಟರು ಹಾಕಿ ಚೈತ್ರಾಳ ಎರಡು ಸಂಖ್ಯೆ ಕೊಟ್ಟೆ. ಅದೇ ಬೂದು, ಅದೇ ಚುಕ್ಕಿ. ಈ ಸಲ ಎದ್ದು ಹೋಗಲಿಲ್ಲ. ಒಂದು ಚುಕ್ಕಿಯನ್ನು ಹಿಗ್ಗಿಸಿದೆ. ಅದು ಚುಕ್ಕಿಯಲ್ಲ, ಚುಕ್ಕಿಗಳ ಒಂದು ಗುಂಪು. ಅದರೊಳಗಿನ ಒಂದನ್ನು ಹಿಗ್ಗಿಸಿದೆ, ಮತ್ತೆ ಗುಂಪು. ಬೂದು ತೆಗೆದು ಸಂಜೆ ಏಳು ಗಂಟೆಯ ಕಪ್ಪುನೀಲಿ ಹಚ್ಚಿದೆ. ಆರು ದಿನ ಬೇಕಾಯಿತು. ಮುಗಿದಾಗ ಪರದೆಯ ಮೇಲೆ ಸುರುಳಿಯಿಲ್ಲ, ಗರಿಯಿಲ್ಲ, ಚಿನ್ನದ ಕಣ್ಣಿಲ್ಲ. ಕುಣಿಗಲ್ ಕೆರೆ ಏರಿಯ ಮೇಲೆ ನಿಂತು ತಲೆಯೆತ್ತಿದರೆ ಕಾಣುವ ಆಕಾಶ ಇತ್ತು. ಇಷ್ಟು ವರ್ಷ ಆಕಾಶದ ಹೆಸರು ಹೇಳಿಕೊಂಡು ಚಿತ್ರ ಮಾಡಿದ್ದೇನೆ ಗೌರಕ್ಕ. ಆಕಾಶದ ಹಾಗೆ ಕಂಡದ್ದು ಇದೊಂದೇ. ಇದನ್ನೇ ನಾನು ಕೆಟ್ಟುಹೋದದ್ದು ಎಂದು ಎತ್ತಿಟ್ಟದ್ದು.

ರಂಗಸ್ವಾಮಿಯ ಅಂಗಡಿಗೆ ತೆಗೆದುಕೊಂಡು ಹೋಗಿ ನಡೆದದ್ದೆಲ್ಲ ಹೇಳಿದೆ. “ಬುಡಿ ಮೇಡಂ, ಆವಮ್ಮಂಗೆ ಸಮಾಧಾನ ಆಗೈತಲ್ಲ, ಈಗ್ಯಾಕೆ ಕೆದಕ್ತೀರಿ?” ಎಂದ. ನಾನು ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದೆ. ನಿನಗೇನಯ್ಯಾ ಗೊತ್ತು, ಆ ಚೀಟಿ ಕೀಳುವಾಗ ನಿನಗಾದರೂ ಬುದ್ಧಿ ಬೇಡವಾಗಿತ್ತಾ ಎಂದೆ. ಅವನು ಮೊಳೆ ಡಬ್ಬಿ ಮುಚ್ಚಿ, ಮೆತ್ತಗೆ, “ಕೇಳಿದ್ನಲ್ಲ ಮೇಡಂ. ಕಿತ್ತಾಕಿ ಅಂದಿದ್ದು ನೀವಲ್ವಾ?” ಎಂದ.

ಹೌದು, ನಾನೇ.

ಭಾನುವಾರ ಬೆಳಿಗ್ಗೆ ಈ ಕಾಗದವನ್ನೂ ಚಿತ್ರವನ್ನೂ ತೆಗೆದುಕೊಂಡು ನಿಮ್ಮ ಮನೆ ಬಾಗಿಲಿಗೆ ಬರುತ್ತೇನೆ. ಕಾಗದವನ್ನು ಮೊದಲು ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಹೊರಗೆ ನಿಂತಿರುತ್ತೇನೆ. ಬಾಯಿಗೆ ಬಂದಂತೆ ಬೈದರೆ ನಿಂತು ಕೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬಸ್ಸು ಹತ್ತುತ್ತೇನೆ. ಹೊಸ ಚಿತ್ರದ ಹಿಂದಿನ ಚೀಟಿಯಲ್ಲಿ ಅದೇ ಎರಡು ಸಂಖ್ಯೆಗಳಿವೆ. ನನ್ನ ಮಾತು ನಂಬಬೇಡಿ. ಗಣಿತ ಬಲ್ಲ ಯಾರ ಹತ್ತಿರವಾದರೂ ಕೊಟ್ಟು ಪರೀಕ್ಷೆ ಮಾಡಿಸಿ. ಚೈತ್ರಾಳದೇ ಎಂದು ಅವರು ಹೇಳಿದರೆ, ನಿಮಗೆ ಮನಸ್ಸಾದರೆ, ಅದಕ್ಕೆ ಹಾರ ಹಾಕಿ. ಯಾವ ಮಗುವಿಗೂ ಹೆದರಬೇಕಾಗಿಲ್ಲ. ಮನಸ್ಸಾಗದಿದ್ದರೆ ಗೋಡೆಯ ಮೊಳೆ ಖಾಲಿಯೇ ಇರಲಿ. ಅದನ್ನು ಖಾಲಿ ಮಾಡಿದವಳು ನಾನು.

ಆ ಹಸಿರು ಚಿತ್ರವನ್ನು ಮಾತ್ರ ಇಳಿಸಿ ನನ್ನ ಕೈಗೆ ಕೊಟ್ಟುಬಿಡಿ ಗೌರಕ್ಕ. ಗಾಜಿನ ಮೇಲಿನ ವಿಭೂತಿಯನ್ನು ನಾನೇ ಒರೆಸುತ್ತೇನೆ. ನೀವು ಹೆದರಿದ್ದೇ ನಿಜ. ಅದು ಬದುಕಿರುವ ಹುಡುಗಿಯದು.